ಹಿಮನದಿಯ ಬುಡದವರೆಗೆ: ಕೆನಡಾದ ರಾಕಿ ಪರ್ವತಗಳಲ್ಲಿ ದಿನದ ಚಾರಣ

ಕೆನಡಾದ ಪಶ್ಚಿಮದಲ್ಲಿ, ಆಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳ ಗಡಿಯುದ್ದಕ್ಕೂ ಹಬ್ಬಿರುವ ರಾಕಿ ಪರ್ವತಶ್ರೇಣಿಯು ದಿನದ ಚಾರಣಕ್ಕೆ, ಅಂದರೆ ಬೆಳಿಗ್ಗೆ ಹೊರಟು ಬೆಟ್ಟದಲ್ಲಿ ನಡೆದು ಕತ್ತಲಾಗುವುದರೊಳಗೆ ಬಿಡಾರಕ್ಕೆ ಮರಳುವ ನಡಿಗೆಗೆ, ಹೇಳಿ ಮಾಡಿಸಿದಂತಹ ಪ್ರದೇಶವಾಗಿದೆ. ಗುಡಾರವನ್ನೂ ಹಲವು ದಿನಗಳ ಆಹಾರವನ್ನೂ ಬೆನ್ನಿಗೇರಿಸಿಕೊಂಡು ಕಾಡಿನಲ್ಲಿಯೇ ರಾತ್ರಿ ಕಳೆಯುವ ದೀರ್ಘ ಚಾರಣಕ್ಕೆ ಬೇಕಾದ ಸಿದ್ಧತೆಯಾಗಲಿ ಕಸುವಾಗಲಿ ಎಲ್ಲರಿಗೂ ಇರುವುದಿಲ್ಲ. ಆದರೆ ಇಲ್ಲಿ ಕಣಿವೆಗಳ ತಳದವರೆಗೂ ಹೆದ್ದಾರಿ ಬಂದಿರುವುದರಿಂದ, ಬ್ಯಾಂಫ್, ಲೇಕ್ ಲೂಯಿಸ್, ಫೀಲ್ಡ್, ಜಾಸ್ಪರ್ ಎಂಬ ಪುಟ್ಟ ಊರುಗಳಲ್ಲಿ ಕೆಲಕೆಲವು ದಿನ ತಂಗುತ್ತ ಎರಡು ಮೂರು ವಾರಗಳ ಪ್ರವಾಸ ಕೈಗೊಂಡವರು, ದಿನಕ್ಕೊಂದು ಹಾದಿ ಹಿಡಿದು, ನೀರು, ಬುತ್ತಿ, ಮಳೆಯಂಗಿಗಳಷ್ಟೇ ಇರುವ ಸಣ್ಣ ಚೀಲದೊಡನೆ ಹಿಮನದಿಯ ಬುಡದವರೆಗೂ ಹೋಗಿಬರಬಹುದು. ಬೇಸಿಗೆಯ ನಡುವಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಹಗಲು ಇಷ್ಟು ದೀರ್ಘವಾಗಿರುವುದು ನಿಧಾನವಾಗಿ ನಡೆಯುವವರಿಗೆ ದೊಡ್ಡ ಅನುಕೂಲ.

ಈ ಪ್ರದೇಶಕ್ಕೆ ಬರುವ ಬಹುಪಾಲು ಪ್ರವಾಸಿಗರು ಸರೋವರದ ದಡದಲ್ಲಿ ಅರ್ಧ ಗಂಟೆ ನಿಂತು, ಅದರ ನಂಬಲಾಗದ ಹಸಿರುನೀಲಿಯನ್ನು ಚಿತ್ರದಲ್ಲಿ ಸೆರೆಹಿಡಿದು ಮುಂದಿನ ಸರೋವರಕ್ಕೆ ಹೊರಟುಬಿಡುತ್ತಾರೆ. ಅವರಿಗೆ ಕಾಣುವುದು ಒಂದು ದೀರ್ಘ ಕ್ರಿಯೆಯ ಕೊನೆಯ ಹಂತ. ಅದೇ ದಡದಿಂದ ನಾಲ್ಕೈದು ಕಿಲೋಮೀಟರು ಮೇಲಕ್ಕೆ ನಡೆದವರಿಗೆ ಆ ನೀರು ಎಲ್ಲಿಂದ ಬಂತು, ಅದಕ್ಕೆ ಆ ಬಣ್ಣ ಹೇಗೆ ಬಂತು, ಸರೋವರದ ಗುಂಡಿಯನ್ನು ತೋಡಿದವರು ಯಾರು ಎಂಬುದು ಹಂತಹಂತವಾಗಿ ಕಣ್ಣಿಗೇ ಕಾಣುತ್ತದೆ. ಈ ನಾಡಿನಲ್ಲಿ ನಡಿಗೆಗಿರುವ ನಿಜವಾದ ಬೆಲೆ ಇದು, ಮತ್ತು ಹಿಮನದಿಗಳು ಹಿಮ್ಮೆಟ್ಟುತ್ತಿರುವ ಇಂದಿನ ದಿನಗಳಲ್ಲಿ ಆ ಬೆಲೆ ಇನ್ನಷ್ಟು ಹೆಚ್ಚಿದೆ.

ಮೊದಲು ಎತ್ತರದ ಅಂದಾಜು ಸಿಗುವುದು ಒಳ್ಳೆಯದು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರು ಎತ್ತರದಲ್ಲಿದ್ದರೆ, ಬ್ಯಾಂಫ್ ರಾಷ್ಟ್ರೀಯ ಉದ್ಯಾನದ ಮೊರೇನ್ ಸರೋವರದ ನೀರಿನ ಮಟ್ಟವೇ ಸುಮಾರು 1,884 ಮೀಟರು ಎತ್ತರದಲ್ಲಿದೆ. ಅದರ ಸುತ್ತಲಿನ ಶಿಖರಗಳು 3,000 ಮೀಟರನ್ನು ದಾಟುತ್ತವೆ. ಮುಳ್ಳಯ್ಯನಗಿರಿಯಲ್ಲಿ ಹುಲ್ಲುಗಾವಲೂ ಶೋಲಾ ಕಾಡೂ ಇರುವ ಎತ್ತರದಲ್ಲಿ ಇಲ್ಲಿ ವರ್ಷದ ಏಳೆಂಟು ತಿಂಗಳು ನೀರು ಹೆಪ್ಪುಗಟ್ಟಿರುವುದಕ್ಕೆ ಅಕ್ಷಾಂಶವೇ ಕಾರಣ: ಈ ಸ್ಥಳ ಭೂಮಧ್ಯರೇಖೆಯಿಂದ 51 ಡಿಗ್ರಿ ಉತ್ತರದಲ್ಲಿದೆ. ಲೂಯಿಸ್ ಸರೋವರದ ಮೇಲಿನ ಮಂಜುಗಡ್ಡೆ ಪೂರ್ತಿ ಕರಗುವುದು ಸಾಮಾನ್ಯವಾಗಿ ಜೂನ್ ಆರಂಭದಲ್ಲಿ. ಎತ್ತರದ ಹಾದಿಗಳಲ್ಲಿ ಜುಲೈ ತಿಂಗಳವರೆಗೂ ಹಿಮ ಉಳಿದಿರುವುದುಂಟು.

ಇಲ್ಲಿನ ಬೆಟ್ಟಗಳ ಕಲ್ಲು ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಸುಣ್ಣಕಲ್ಲು, ಜೇಡಿಗಲ್ಲು ಮತ್ತು ಮರಳು ಗಟ್ಟಿಯಾಗಿ ಆದ ಕ್ವಾರ್ಟ್ಸೈಟ್. ಭೂಫಲಕಗಳ ಒತ್ತಡದಿಂದ ಈ ಪದರಗಳು ಮಡಿಚಿ, ಮುರಿದು, ಒಂದರ ಮೇಲೊಂದು ಪೂರ್ವದಿಕ್ಕಿಗೆ ಜರುಗಿದ್ದರಿಂದ ಹಲವೆಡೆ ಹಳೆಯ ಕಲ್ಲು ಹೊಸ ಕಲ್ಲಿನ ಮೇಲೆ ಕುಳಿತಿದೆ. ಸಮುದ್ರದ ನೆನಪು ಈ ಕಲ್ಲಿನಲ್ಲಿ ಎಷ್ಟು ಸ್ಪಷ್ಟವಾಗಿ ಉಳಿದಿದೆಯೆಂದರೆ, ಯೋಹೋ ರಾಷ್ಟ್ರೀಯ ಉದ್ಯಾನದ ಫೀಲ್ಡ್ ಊರಿನ ಮೇಲ್ಗಡೆ, 1909ರಲ್ಲಿ ಅಮೆರಿಕದ ಭೂವಿಜ್ಞಾನಿ ಚಾರ್ಲ್ಸ್ ವಾಲ್ಕಾಟ್ ಗುರುತಿಸಿದ ಬರ್ಜೆಸ್ ಶೇಲ್ ಎಂಬ ಪದರದಲ್ಲಿ ಸುಮಾರು 50.8 ಕೋಟಿ ವರ್ಷಗಳ ಹಿಂದಿನ ಸಮುದ್ರಜೀವಿಗಳ ಮೆತ್ತನೆಯ ಅಂಗಗಳ ಅಚ್ಚು ಕೂಡ ಹಾಳಾಗದೆ ಸಿಕ್ಕಿದೆ. ಮಾರ್ಗದರ್ಶಕರಿಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. ಹೋಗಿಬರಲು 20 ಕಿಲೋಮೀಟರಿಗೂ ಮಿಕ್ಕ ನಡಿಗೆಯಾದ್ದರಿಂದ ಅದು ದಿನದ ಚಾರಣಗಳಲ್ಲಿ ಕಠಿಣವಾದುದು.

ಈ ಬೆಟ್ಟಗಳನ್ನು ಎತ್ತಿದ್ದು ಭೂಮಿಯ ಒಳಗಿನ ಒತ್ತಡವಾದರೆ, ಅವುಗಳಿಗೆ ಇಂದಿನ ರೂಪ ಕೊಟ್ಟದ್ದು ಮಂಜುಗಡ್ಡೆ. ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗದೆ ವರ್ಷದಿಂದ ವರ್ಷಕ್ಕೆ ಪೇರಿಕೊಂಡು, ಮೇಲಿನ ಭಾರಕ್ಕೆ ಕೆಳಗಿನದು ಅಡಕವಾಗಿ ಗಟ್ಟಿ ಮಂಜುಗಡ್ಡೆಯಾಗಿ, ತನ್ನದೇ ತೂಕಕ್ಕೆ ನಿಧಾನವಾಗಿ ಕೆಳಕ್ಕೆ ಹರಿಯತೊಡಗಿದಾಗ ಅದನ್ನು ಹಿಮನದಿ ಎನ್ನುತ್ತಾರೆ. ಹರಿಯುವಾಗ ಅದು ತಳದಲ್ಲಿ ಸಿಕ್ಕಿಕೊಂಡ ಬಂಡೆಗಳಿಂದ ನೆಲವನ್ನು ಉಜ್ಜುತ್ತದೆ, ಬೆಟ್ಟದ ಮಗ್ಗುಲಿನಿಂದ ಕಲ್ಲುಗಳನ್ನು ಕಿತ್ತು ಒಯ್ಯುತ್ತದೆ, ಶಿಖರದ ಬುಡದಲ್ಲಿ ಬೋಗುಣಿಯಾಕಾರದ ಕುಳಿಗಳನ್ನು ತೋಡುತ್ತದೆ. ಹೊತ್ತು ತಂದ ಕಲ್ಲುಮಣ್ಣನ್ನು ತನ್ನ ಅಂಚುಗಳಲ್ಲಿಯೂ ಮೂತಿಯಲ್ಲಿಯೂ ದಿಬ್ಬವಾಗಿ ಗುಡ್ಡೆಹಾಕುತ್ತದೆ. ಇಂತಹ ದಿಬ್ಬಕ್ಕೆ ಮೊರೇನ್ ಎಂದು ಹೆಸರು. ಕಳೆದ ಹಿಮಯುಗ ಮುಗಿದು, ಸುಮಾರು 10,000 ವರ್ಷಗಳ ಹಿಂದೆ ಕಣಿವೆಗಳನ್ನು ತುಂಬಿದ್ದ ಮಂಜುಗಡ್ಡೆ ಹಿಂದೆ ಸರಿದಾಗ, ತೋಡಿದ ಕುಳಿಗಳಲ್ಲಿಯೂ ಮೊರೇನ್ ದಿಬ್ಬಗಳ ಹಿಂದೆಯೂ ನೀರು ನಿಂತು ಸರೋವರಗಳಾದವು. ಲೂಯಿಸ್ ಸರೋವರ ಅಂತಹ ಒಂದು ದಿಬ್ಬ ತಡೆದು ನಿಲ್ಲಿಸಿದ ನೀರು, ಅದರ ದಡದ ಭಾರಿ ಹೋಟೆಲು ನಿಂತಿರುವುದೂ ಆ ದಿಬ್ಬದ ಮೇಲೆಯೇ. ಮೊರೇನ್ ಸರೋವರಕ್ಕೆ 1899ರಲ್ಲಿ ಅನ್ವೇಷಕ ವಾಲ್ಟರ್ ವಿಲ್‌ಕಾಕ್ಸ್ ಆ ಹೆಸರಿಟ್ಟದ್ದು ಅದರ ಬಾಯಿಯಲ್ಲಿರುವ ಬಂಡೆಗಳ ರಾಶಿ ಮೊರೇನ್ ಎಂದು ಭಾವಿಸಿ. ಅದು ಪಕ್ಕದ ಬೆಟ್ಟದಿಂದ ಕುಸಿದುಬಿದ್ದ ಬಂಡೆಗಳ ರಾಶಿಯಾಗಿರಬೇಕು ಎಂಬುದು ನಂತರದ ಭೂವಿಜ್ಞಾನಿಗಳ ಅಭಿಪ್ರಾಯ. ಆ ರಾಶಿಯನ್ನು ಹತ್ತಿದರೆ ಕಾಣುವ, ಹತ್ತು ಶಿಖರಗಳ ಸಾಲಿನಡಿಯ ಸರೋವರದ ನೋಟ ಒಂದು ಕಾಲದಲ್ಲಿ ಕೆನಡಾದ 20 ಡಾಲರಿನ ನೋಟಿನ ಹಿಂಬದಿಯಲ್ಲಿ ಅಚ್ಚಾಗಿತ್ತು.

ಸರೋವರಗಳ ಬಣ್ಣಕ್ಕೂ ಹಿಮನದಿಯೇ ಕಾರಣ. ಬಂಡೆಯ ಮೇಲೆ ಬಂಡೆ ಉಜ್ಜುವ ಹಿಮನದಿಯ ತಳ ಬೀಸುವ ಕಲ್ಲಿನಂತೆ ಕೆಲಸ ಮಾಡಿ, ಕಲ್ಲನ್ನು ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ನುಣ್ಣನೆಯ ಪುಡಿಯಾಗಿಸುತ್ತದೆ. ಇದನ್ನು ವಿಜ್ಞಾನಿಗಳು ಕಲ್ಲಿನ ಹಿಟ್ಟು ಎಂದೇ ಕರೆಯುತ್ತಾರೆ. ಬೇಸಿಗೆಯಲ್ಲಿ ಕರಗಿದ ನೀರಿನೊಡನೆ ಈ ಹಿಟ್ಟು ತೊರೆಗಳಲ್ಲಿ ಹರಿದು ಬರುವಾಗ ನೀರು ಬೂದುಬಿಳುಪಾಗಿ ಕಾಣುತ್ತದೆ. ಸರೋವರವನ್ನು ಸೇರಿ ವೇಗ ತಗ್ಗಿದ ಮೇಲೆ ದಪ್ಪ ಕಣಗಳು ತಳಕ್ಕಿಳಿದು, ಅತಿ ಸೂಕ್ಷ್ಮವಾದವು ಮಾತ್ರ ತಿಂಗಳುಗಟ್ಟಲೆ ನೀರಿನಲ್ಲಿ ತೇಲುತ್ತ ಉಳಿಯುತ್ತವೆ. ಬಿಸಿಲಿನಲ್ಲಿರುವ ಬಣ್ಣಗಳ ಪೈಕಿ ಕೆಂಪನ್ನು ನೀರೇ ಹೀರಿಕೊಳ್ಳುತ್ತದೆ. ಉಳಿದ ನೀಲಿಯನ್ನೂ ಹಸಿರನ್ನೂ ಈ ಕಣಗಳು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಆದ್ದರಿಂದಲೇ ನೀರನ್ನು ಬೊಗಸೆಯಲ್ಲಿ ಎತ್ತಿಕೊಂಡರೆ ಅದರಲ್ಲಿ ಬಣ್ಣ ಕಾಣುವುದಿಲ್ಲ, ಬೆಟ್ಟದ ಮೇಲೆ ನಿಂತು ಇಡೀ ಸರೋವರವನ್ನು ನೋಡಿದರೆ ಬಣ್ಣ ತುಂಬಿ ಕಾಣುತ್ತದೆ. ಜೂನ್‌ನಲ್ಲಿ ಮಂಜುಗಡ್ಡೆ ಕರಗಿದೊಡನೆ, ಚಳಿಗಾಲದಲ್ಲಿ ಹಿಟ್ಟಿನ ಪೂರೈಕೆ ನಿಂತು ಇದ್ದುದೂ ತಳಕ್ಕಿಳಿದ ಹೊತ್ತಿನಲ್ಲಿ, ಇವೇ ಸರೋವರಗಳು ಕಡುನೀಲಿಯಾಗಿರುತ್ತವೆ. ಜುಲೈ, ಆಗಸ್ಟ್‌ಗಳಲ್ಲಿ ಹಿಮನದಿಯ ಕರಗುವಿಕೆ ಹೆಚ್ಚಿದಂತೆ ಹಸಿರು ಕೂಡಿದ ಹಾಲುನೀಲಿಗೆ ತಿರುಗುತ್ತವೆ. ಒಂದೇ ಸರೋವರವನ್ನು ಬೇರೆ ಬೇರೆ ತಿಂಗಳಲ್ಲಿ ನೋಡಿದವರ ವರ್ಣನೆಗಳು ಒಂದಕ್ಕೊಂದು ಹೊಂದದಿರುವುದು ಈ ಕಾರಣಕ್ಕೆ.

ಇದನ್ನೆಲ್ಲ ಒಂದೇ ದಿನದಲ್ಲಿ ಓದಿಸುವ ಹಾದಿಯೆಂದರೆ ಲೂಯಿಸ್ ಸರೋವರದಿಂದ ಆರು ಹಿಮನದಿಗಳ ಬಯಲಿಗೆ ಹೋಗುವ ಹಾದಿ. ಸುಮಾರು ಎರಡು ಕಿಲೋಮೀಟರು ಸರೋವರದ ಬಲದಂಡೆಯಲ್ಲಿ ಸಮತಟ್ಟಾಗಿ ಸಾಗುವ ಈ ಹಾದಿ, ತೊರೆ ಬಂದು ಸೇರುವ ತುದಿಯಲ್ಲಿ ಹೂಳು ತುಂಬಿದ ಬೂದು ಬಣ್ಣದ ನದೀಮುಖಜ ಭೂಮಿಯನ್ನು ತೋರಿಸುತ್ತದೆ. ಕಲ್ಲಿನ ಹಿಟ್ಟು ತಳಕ್ಕಿಳಿಯುವ ಜಾಗ ಅದು. ಅಲ್ಲಿಂದ ಏರು ಆರಂಭವಾಗುತ್ತದೆ. ಸೂಜಿಯೆಲೆಯ ಮರಗಳು ಕ್ರಮೇಣ ಗಿಡ್ಡವಾಗುತ್ತ, ವಿರಳವಾಗುತ್ತ, ಕೊನೆಗೆ ಎಳೆಯ ಸಸಿಗಳೂ ಬರಿಯ ಕಲ್ಲೂ ಉಳಿದಾಗ, ಕೆಲವೇ ತಲೆಮಾರುಗಳ ಹಿಂದೆ ಹಿಮನದಿ ಆವರಿಸಿದ್ದ ನೆಲವನ್ನು ತಲುಪಿದ್ದೇವೆಂದು ನಡೆಯುವವರಿಗೆ ತಿಳಿಯುತ್ತದೆ. ಸುಮಾರು 5.5 ಕಿಲೋಮೀಟರಿನ ನಂತರ 1920ರ ದಶಕದಲ್ಲಿ ಕಟ್ಟಿದ ಒಂದು ಚಹಾಮನೆ ಸಿಗುತ್ತದೆ. ಅದರಾಚೆಗೆ ಹಾದಿ ಕಿರಿದಾದ ಮೊರೇನ್ ದಿಬ್ಬದ ನೆತ್ತಿಯ ಮೇಲೆಯೇ ಸಾಗಿ, ವಿಕ್ಟೋರಿಯಾ ಮತ್ತು ಲೆಫ್ರಾಯ್ ಶಿಖರಗಳ ನಡುವಿನ ಅಬಟ್ ಕಣಿವೆದಾರಿ ಕಾಣುವಲ್ಲಿ ಮುಗಿಯುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿ ಗುಡುಗಿನಂತಹ ಸದ್ದು ಕೇಳಿದರೆ ಅದು ಬಹುಮಟ್ಟಿಗೆ ವಿಕ್ಟೋರಿಯಾ ಶಿಖರದ ಅಂಚಿನಿಂದ ಮಂಜುಗಡ್ಡೆ ಕಳಚಿ ಬೀಳುವ ಸದ್ದು.

ಅಬಟ್ ಎಂಬ ಹೆಸರಿನ ಹಿಂದೆ ಒಂದು ಸಾವಿದೆ. 1896ರಲ್ಲಿ ಲೆಫ್ರಾಯ್ ಶಿಖರವನ್ನೇರುವಾಗ ಬಿದ್ದು ಮಡಿದ ಫಿಲಿಪ್ ಅಬಟ್‌ನದ್ದು ಉತ್ತರ ಅಮೆರಿಕದ ಪರ್ವತಾರೋಹಣದ ಇತಿಹಾಸದಲ್ಲಿ ದಾಖಲಾದ ಮೊದಲ ಸಾವು ಎನ್ನಲಾಗುತ್ತದೆ. ಆ ಸಾವಿನ ಬಳಿಕ, ಈ ಬೆಟ್ಟಗಳಿಗೆ ಪ್ರಯಾಣಿಕರನ್ನು ಕರೆತಂದು ಲಾಭ ಮಾಡಿಕೊಳ್ಳುತ್ತಿದ್ದ ಕೆನಡಿಯನ್ ಪೆಸಿಫಿಕ್ ರೈಲ್ವೆ 1899ರಿಂದ ಸ್ವಿಟ್ಜರ್ಲೆಂಡಿನ ಅನುಭವಿ ಮಾರ್ಗದರ್ಶಕರನ್ನು ನೇಮಿಸಿಕೊಂಡಿತು. ಆ ಮಾರ್ಗದರ್ಶಕರೇ 1922ರಲ್ಲಿ ಅಬಟ್ ಕಣಿವೆದಾರಿಯ ನೆತ್ತಿಯಲ್ಲಿ ಕಲ್ಲಿನ ಆಶ್ರಯಮನೆಯೊಂದನ್ನು ಕಟ್ಟಿದರು. ಒಂದು ಶತಮಾನ ಪರ್ವತಾರೋಹಿಗಳಿಗೆ ನೆರಳಾಗಿದ್ದ ಆ ಮನೆಯನ್ನು 2022ರಲ್ಲಿ ಬಿಚ್ಚಿ ತೆಗೆಯಬೇಕಾಯಿತು, ಏಕೆಂದರೆ ಅದರ ಬುಡದ ಇಳಿಜಾರನ್ನು ಹಿಡಿದಿಟ್ಟಿದ್ದ ಮಂಜುಗಡ್ಡೆ ಕರಗಿ ನೆಲವೇ ಕುಸಿಯತೊಡಗಿತ್ತು. ಹಿಮನದಿಯ ಇಳಿಕೆಯನ್ನು ಚದರ ಕಿಲೋಮೀಟರುಗಳ ಲೆಕ್ಕದಲ್ಲಿ ಓದಿದಾಗ ಮನಸ್ಸಿಗೆ ತಟ್ಟದ ಸಂಗತಿ, ಹೀಗೆ ಗಟ್ಟಿಯಾಗಿ ಕಟ್ಟಿದ ಮನೆಯೊಂದು ಇಲ್ಲವಾದಾಗ ತಟ್ಟುತ್ತದೆ.

ಸ್ಥಳನಾಮಗಳಲ್ಲಿ ಇನ್ನೊಂದು ಕಥೆಯೂ ಅಡಗಿದೆ. ಲೂಯಿಸ್ ಎಂಬುದು ವಿಕ್ಟೋರಿಯಾ ರಾಣಿಯ ಮಗಳ ಹೆಸರು. 1882ರಲ್ಲಿ ರೈಲ್ವೆ ಸಮೀಕ್ಷೆಯ ಕೆಲಸದಲ್ಲಿದ್ದ ಟಾಮ್ ವಿಲ್ಸನ್ ಈ ಸರೋವರವನ್ನು ಕಂಡುಹಿಡಿದನೆಂದು ಹಳೆಯ ಪುಸ್ತಕಗಳು ಬರೆದರೂ, ಅವನನ್ನು ಅಲ್ಲಿಗೆ ಕರೆದೊಯ್ದವನು ಸ್ಟೋನಿ ನಕೋಡಾ ಎಂಬ ಮೂಲನಿವಾಸಿ ಸಮುದಾಯದವನು, ಮತ್ತು ಆ ಸಮುದಾಯ ಅದನ್ನು ಸಣ್ಣ ಮೀನುಗಳ ಸರೋವರ ಎಂಬ ಅರ್ಥದ ಹೆಸರಿನಿಂದ ಮೊದಲೇ ಅರಿತಿತ್ತು. 1885ರಲ್ಲಿ ಬ್ಯಾಂಫ್‌ನ ಬಿಸಿನೀರಿನ ಬುಗ್ಗೆಗಳ ಸುತ್ತ ಕಾಯ್ದಿಟ್ಟ ಪ್ರದೇಶವೇ ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಬೆಳೆಯಿತು. ಆದರೆ ಉದ್ಯಾನದ ಹೆಸರಿನಲ್ಲಿ ಅಲ್ಲಿನ ಮೂಲನಿವಾಸಿಗಳ ಬೇಟೆಯನ್ನೂ ಓಡಾಟವನ್ನೂ ನಿರ್ಬಂಧಿಸಲಾಯಿತು. 1907ರಲ್ಲಿ ಸ್ಥಾಪನೆಯಾದ ಜಾಸ್ಪರ್ ಉದ್ಯಾನದ ಕಣಿವೆಯಿಂದ, ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಮೇಟಿ ಸಮುದಾಯದ ಕುಟುಂಬಗಳನ್ನು 1910ರ ಸುಮಾರಿಗೆ ಎಬ್ಬಿಸಿ ಕಳುಹಿಸಲಾಯಿತು. ಕಾಡನ್ನು ಕಾಯುವುದಕ್ಕಾಗಿ ಕಾಡಿನವರನ್ನು ಹೊರಹಾಕುವ ಈ ಕ್ರಮ ನಾಗರಹೊಳೆಯ ಚರಿತ್ರೆಯನ್ನು ಬಲ್ಲ ಕನ್ನಡಿಗರಿಗೆ ಹೊಸದಲ್ಲ, ಮತ್ತು ನಿರ್ಜನವೆಂದು ಹೊಗಳಲಾಗುವ ಭೂದೃಶ್ಯವನ್ನು ನೋಡುವಾಗ ಅದು ಹಾಗೆ ನಿರ್ಜನವಾದದ್ದು ಹೇಗೆಂಬುದು ನೋಡುವವರಿಗೆ ತಿಳಿದಿರಬೇಕು.

ಮೊರೇನ್ ಸರೋವರದಿಂದ ಲಾರ್ಚ್ ಕಣಿವೆಯ ಮೂಲಕ ಸೆಂಟಿನೆಲ್ ಕಣಿವೆದಾರಿಗೆ ಏರುವ ಹಾದಿ ಬೇರೆಯದೇ ರೀತಿಯ ಶ್ರೀಮಂತಿಕೆಯುಳ್ಳದ್ದು. ಲಾರ್ಚ್ ಸೂಜಿಯೆಲೆಯ ಮರವಾದರೂ ಶರತ್ಕಾಲದಲ್ಲಿ ಎಲೆ ಉದುರಿಸುವಂಥದು. ಸೆಪ್ಟೆಂಬರಿನ ಉತ್ತರಾರ್ಧದಲ್ಲಿ, ಮರ ಬೆಳೆಯಬಲ್ಲ ಎತ್ತರದ ಕೊನೆಯ ಅಂಚಿನಲ್ಲಿ, ಈ ಮರಗಳು ಹಚ್ಚ ಹೊಂಬಣ್ಣಕ್ಕೆ ತಿರುಗುತ್ತವೆ. ಅಲ್ಲಿಂದ ಮೇಲೆ ಬರಿಯ ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಅಂಕುಡೊಂಕಾಗಿ ಹತ್ತಿ 2,611 ಮೀಟರು ಎತ್ತರದ ಸೆಂಟಿನೆಲ್ ತಲುಪಬೇಕು. ಸರೋವರದಿಂದ ಲೆಕ್ಕ ಹಾಕಿದರೆ ಏರು 700 ಮೀಟರಿಗೂ ಹೆಚ್ಚು. ಈ ಕಣಿವೆಗಳು ಗ್ರಿಜ್ಲಿ ಎಂಬ ಕಂದುಕರಡಿಯ ಮೇವಿನ ನೆಲವೂ ಹೌದು. ಕರಡಿಗಳ ಓಡಾಟ ಹೆಚ್ಚಿರುವ ಕಾಲದಲ್ಲಿ ಇಲ್ಲಿ ಕನಿಷ್ಠ ನಾಲ್ಕು ಜನರ ಗುಂಪು ಒತ್ತಾಗಿ ನಡೆಯಬೇಕೆಂದು ಉದ್ಯಾನದ ಆಡಳಿತ ಕಡ್ಡಾಯಗೊಳಿಸುತ್ತದೆ, ಏಕೆಂದರೆ ಮಾತಿನ ಸದ್ದಿರುವ ಗುಂಪನ್ನು ಕರಡಿ ದೂರದಿಂದಲೇ ಅರಿತು ಸರಿದು ಹೋಗುತ್ತದೆ. ಅಪಾಯವಿರುವುದು ತಿರುವಿನಲ್ಲಿ ಹಠಾತ್ತನೆ ಎದುರಾದಾಗ. ಮೆಣಸಿನ ಖಾರವುಳ್ಳ ಕರಡಿ ಸ್ಪ್ರೇಯನ್ನು ಚೀಲದೊಳಗೆ ಇಡದೆ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ತಿಂಡಿಯ ಚೂರನ್ನೂ ಬಿಟ್ಟು ಬರಬಾರದು. ಮನುಷ್ಯರ ಆಹಾರದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದುಂಟು. ಬ್ಯಾಂಫ್ ಉದ್ಯಾನದ ನಡುವೆ ಹಾದುಹೋಗುವ ಹೆದ್ದಾರಿಗೆ ಬೇಲಿ ಹಾಕಿ, ಪ್ರಾಣಿಗಳು ದಾಟಲೆಂದು 1980ರ ದಶಕದಿಂದ ಈಚೆಗೆ ಗಿಡಮರ ನೆಟ್ಟ ಮೇಲ್ಸೇತುವೆಗಳನ್ನೂ ಕೆಳದಾರಿಗಳನ್ನೂ ಕಟ್ಟಿರುವುದು ಈ ದೃಷ್ಟಿಯಿಂದ ಮೆಚ್ಚತಕ್ಕ ಕೆಲಸ. ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳ ಸಂಖ್ಯೆ ಅದರಿಂದ ಬಹಳಷ್ಟು ಇಳಿದಿದೆ. ಜನಸಂದಣಿಯ ಕಾರಣದಿಂದ 2023ರಿಂದ ಮೊರೇನ್ ಸರೋವರದ ರಸ್ತೆಗೆ ಖಾಸಗಿ ಕಾರುಗಳ ಪ್ರವೇಶ ನಿಲ್ಲಿಸಲಾಗಿದ್ದು, ಮುಂಗಡವಾಗಿ ಕಾದಿರಿಸಿದ ಬಸ್ಸಿನಲ್ಲಿ ಹೋಗಬೇಕಾಗುತ್ತದೆ.

ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗಿನ 230 ಕಿಲೋಮೀಟರಿನಷ್ಟು ಉದ್ದದ ಹಿಮಬಯಲುಗಳ ಹೆದ್ದಾರಿ ದೀರ್ಘ ಪ್ರವಾಸದ ಎರಡನೆಯ ಭಾಗಕ್ಕೆ ತಕ್ಕುದು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಯೋಜನೆಯಾಗಿ ಆರಂಭವಾದ ಈ ರಸ್ತೆ 1940ರಲ್ಲಿ ಸಂಚಾರಕ್ಕೆ ತೆರೆಯಿತು. ರಸ್ತೆಬದಿಯಿಂದಲೇ ಹತ್ತಬಹುದಾದ ಪಾರ್ಕರ್ ಏಣು ಒಂದೆರಡು ಗಂಟೆಯ ಏರಿನಲ್ಲಿ ಸಸ್ಕ್ಯಾಚೆವಾನ್ ಹಿಮನದಿಯ ಇಡೀ ಉದ್ದವನ್ನು ಕಣ್ಣೆದುರು ತೆರೆದಿಡುತ್ತದೆ. ಆ ಹಿಮನದಿಯೂ ಅದರಾಚೆಯ ಅಥಬಾಸ್ಕವೂ ಕೊಲಂಬಿಯಾ ಹಿಮಬಯಲಿನಿಂದ, ಅಂದರೆ ಹಲವು ಶಿಖರಗಳ ನಡುವಿನ ಎತ್ತರದ ಬಯಲನ್ನು ತುಂಬಿರುವ ಮಂಜುಗಡ್ಡೆಯ ರಾಶಿಯಿಂದ, ಇಳಿದುಬರುತ್ತವೆ. ಈ ಹಿಮಬಯಲಿನ ಸ್ನೋ ಡೋಮ್ ಎಂಬ ಶಿಖರದಲ್ಲಿ ಕರಗಿದ ನೀರು ಮೂರು ದಿಕ್ಕಿಗೆ ಕವಲೊಡೆದು ಒಂದು ಪಾಲು ಪೆಸಿಫಿಕ್ ಸಾಗರವನ್ನೂ, ಇನ್ನೊಂದು ಆರ್ಕ್‌ಟಿಕ್ ಸಾಗರವನ್ನೂ, ಮತ್ತೊಂದು ಹಡ್ಸನ್ ಕೊಲ್ಲಿಯನ್ನೂ ಸೇರುತ್ತದೆ. ಅಥಬಾಸ್ಕ ಹಿಮನದಿಯ ಮೂತಿಯ ಕಡೆಗೆ ಹೋಗುವ ಚಿಕ್ಕ ಕಾಲುದಾರಿಯಲ್ಲಿ, ಯಾವ ಇಸವಿಯಲ್ಲಿ ಮಂಜುಗಡ್ಡೆ ಎಲ್ಲಿಯವರೆಗಿತ್ತೆಂದು ತೋರಿಸುವ ಫಲಕಗಳನ್ನು ನೆಟ್ಟಿದ್ದಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಫಲಕದಿಂದ ಫಲಕಕ್ಕೆ ನಡೆದು ಹೋಗುವವರು ತಮ್ಮ ಹುಟ್ಟಿದ ವರ್ಷದ ಹತ್ತಿರದ ಫಲಕದ ಬಳಿ ತಾವಾಗಿಯೇ ನಿಲ್ಲುತ್ತಾರೆ. ಮಾರ್ಗದರ್ಶಕರಿಲ್ಲದೆ ಮಂಜುಗಡ್ಡೆಯ ಮೇಲೆ ಕಾಲಿಡುವುದು ಮಾತ್ರ ಪ್ರಾಣಾಪಾಯದ ಕೆಲಸ, ಏಕೆಂದರೆ ಹೊಸ ಹಿಮ ಮುಚ್ಚಿದ ಆಳವಾದ ಬಿರುಕುಗಳು ಮೇಲಿನಿಂದ ಕಾಣುವುದಿಲ್ಲ.

ಬಿಡಾರದಲ್ಲಿ ತಂಗಿ ನಡೆಯುವವರಿಗೆ ಹವಾಮಾನವನ್ನು ಕಾಯುವ ಸ್ವಾತಂತ್ರ್ಯವಿದೆ, ಅದನ್ನು ಬಳಸಿಕೊಳ್ಳಬೇಕು. ಮುಂಜಾನೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನಕ್ಕೆ ಗುಡುಗುಮಳೆಗೆ, ಕೆಲವೊಮ್ಮೆ ಆಗಸ್ಟ್ ತಿಂಗಳಲ್ಲಿಯೇ ಹಿಮಪಾತಕ್ಕೆ ತಿರುಗುತ್ತದೆ; ನೆನೆದ ಬಟ್ಟೆಯಲ್ಲಿ ಗಾಳಿಗೆ ಒಡ್ಡಿಕೊಂಡ ದೇಹ ಬೇಗನೆ ಶಾಖ ಕಳೆದುಕೊಳ್ಳುವುದರಿಂದ, ಒದ್ದೆಯಾದರೆ ಬೆಚ್ಚಗಿಡದ ಹತ್ತಿ ಬಟ್ಟೆಗಿಂತ ಉಣ್ಣೆಯ ಪದರಗಳು ಮೇಲು. ಕಲ್ಲು ಕುಸಿಯುವ ಅಪಾಯವೂ ನಿಜವಾದುದೇ: 2025ರ ಜೂನ್‌ನಲ್ಲಿ ಬೋ ಹಿಮನದಿ ಜಲಪಾತದ ಬಳಿ ಬಂಡೆ ಕುಸಿದು ಇಬ್ಬರು ಚಾರಣಿಗರು ಮೃತಪಟ್ಟರು. ಕಾಡ್ಗಿಚ್ಚಿನ ಹೊಗೆ ಬೇಸಿಗೆಯ ಕೊನೆಯಲ್ಲಿ ಇಡೀ ಕಣಿವೆಗಳನ್ನು ಮುಚ್ಚುವುದು ಈಗ ಅಪರೂಪವಲ್ಲ. 2024ರ ಜುಲೈನ ಬೆಂಕಿಯಲ್ಲಿ ಜಾಸ್ಪರ್ ಊರಿನ ಸುಮಾರು ಮೂರನೆಯ ಒಂದು ಭಾಗದ ಕಟ್ಟಡಗಳು ಸುಟ್ಟುಹೋದವು. ಕಠಿಣ ಏರಿನ ಮರುದಿನ ಸರೋವರದಂಡೆಯ ಸುಲಭದ ಹಾದಿ ಇಟ್ಟುಕೊಳ್ಳುವುದು, ಕೆಟ್ಟ ಹವೆಯ ದಿನಕ್ಕೆ ಕಣಿವೆಯ ತಳದ ಕಾಡುಹಾದಿಯನ್ನು ಕಾಯ್ದಿರಿಸುವುದು, ಹಾದಿಗಳ ಸ್ಥಿತಿಯ ಬಗ್ಗೆ ಉದ್ಯಾನದ ಮಾಹಿತಿ ಕೇಂದ್ರದಲ್ಲಿ ಪ್ರತಿದಿನ ವಿಚಾರಿಸುವುದು ಇಲ್ಲಿನ ಅನುಭವಿಗಳು ಪಾಲಿಸುವ ಕ್ರಮ.

ಹಿಮಬಯಲುಗಳ ಹೆದ್ದಾರಿಯ ಬೋ ನೆತ್ತಿ ಎಂಬ ಎತ್ತರದ ತಾಣದಿಂದ ಕಾಣುವ ಪೀಟೋ ಸರೋವರವನ್ನು ತುಂಬುವ ಪೀಟೋ ಹಿಮನದಿಯನ್ನು ವಿಜ್ಞಾನಿಗಳು 1960ರ ದಶಕದಿಂದ ಸತತವಾಗಿ ಅಳೆಯುತ್ತ ಬಂದಿದ್ದಾರೆ. ಅಷ್ಟು ದೀರ್ಘವಾದ ದಾಖಲೆಯಿರುವ ಹಿಮನದಿಗಳು ಉತ್ತರ ಅಮೆರಿಕದಲ್ಲಿ ಕಡಿಮೆ. ಈ ಅವಧಿಯಲ್ಲಿ ಅದು ತನ್ನ ಮಂಜುಗಡ್ಡೆಯ ದೊಡ್ಡ ಪಾಲನ್ನು ಕಳೆದುಕೊಂಡಿದ್ದು, ಹಿಂದೆ ಸರಿದ ಮೂತಿಯ ಮುಂದೆ ಈಗ ಹೊಸದೊಂದು ಸರೋವರ ಹುಟ್ಟಿಕೊಂಡಿದೆ. ಕಲ್ಲಿನ ಹಿಟ್ಟಿನ ಒಂದು ಪಾಲು ಇನ್ನು ಮೇಲೆ ಆ ಹೊಸ ಸರೋವರದ ತಳದಲ್ಲಿಯೇ ಉಳಿಯುವುದರಿಂದ ಕೆಳಗಿನ ಪೀಟೋ ಸರೋವರಕ್ಕೆ ತಲುಪುವುದು ಕಡಿಮೆಯಾಗುತ್ತದೆ, ಮತ್ತು ಹಿಮನದಿ ಪೂರ್ತಿ ಇಲ್ಲವಾದ ಮೇಲೆ ಹೊಸ ಹಿಟ್ಟು ಬೀಸುವುದಕ್ಕೇ ಏನೂ ಉಳಿಯದೆ ನೀರು ತಿಳಿಯಾಗಿ, ಇಂದಿನ ಹಸಿರುನೀಲಿ ಹೋಗಿ ಬೆಟ್ಟದ ಸಾಧಾರಣ ಸರೋವರಗಳ ಕಡುನೀಲಿ ಬರುತ್ತದೆ. ಪೀಟೋ ಸರೋವರದಿಂದ ಹೊರಡುವ ಮಿಸ್ಟಾಯಾ ನದಿ ಸೇರುವುದು ಉತ್ತರ ಸಸ್ಕ್ಯಾಚೆವಾನ್ ನದಿಯನ್ನು. ಎಡ್ಮಂಟನ್ ನಗರ ಕುಡಿಯುವ ನೀರನ್ನು ಪಡೆಯುವುದು ಆ ನದಿಯಿಂದ. ಚಳಿಗಾಲದ ಹಿಮ ಕರಗಿ ಮುಗಿದ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಅದರ ಮೇಲ್ಭಾಗದ ಹರಿವಿಗೆ ಆಸರೆಯಾಗಿರುವುದು ಈ ಹಿಮನದಿಗಳು ಬಿಟ್ಟುಕೊಡುವ ನೀರೇ.